ಡೊರೋಥಿ ಶೂ ಕೆಂಪೋ, ಬೆಳ್ಳಿಯೋ? ಓಜ್ ಕಾಮಿಕ್ಸ್ ಅಭಿಮಾನಿಗಳ ಜಗಳದ ಒಳಗೇನಿದೆ

ಒಂದು ಜೊತೆ ಹಳೇ ಶೂಗೆ 2.8 ಕೋಟಿ ಡಾಲರ್. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ನಡೆದ ಹರಾಜಿನಲ್ಲಿ ನಿಂತ ಬೆಲೆ ಇದು. ನಮ್ಮ ದುಡ್ಡಲ್ಲಿ ಆಗಿನ ಲೆಕ್ಕಕ್ಕೆ 230 ಕೋಟಿ ರೂಪಾಯಿಗೂ ಮೇಲೆ. ಹರಾಜಿನವರ ಕಮಿಷನ್ ಬೇರೆ. 1939ರ 'ದಿ ವಿಜರ್ಡ್ ಆಫ್ ಓಜ್' ಸಿನಿಮಾದಲ್ಲಿ ಡೊರೋಥಿ ಅನ್ನೋ ಹುಡುಗಿಯ ಪಾತ್ರ ಮಾಡಿದ ಜೂಡಿ ಗಾರ್ಲೆಂಡ್ ಹಾಕಿದ್ದ ಕೆಂಪು ಶೂ ಅದು. 2005ರಲ್ಲಿ ಮ್ಯೂಸಿಯಂನಿಂದ ಕಳುವಾಗಿ, 2018ರಲ್ಲಿ ಎಫ್‌ಬಿಐ ಕೈಗೆ ಸಿಕ್ಕಿತ್ತು. ಕದ್ದವನು ಅದರಲ್ಲಿರೋದು ಅಸಲಿ ಮಾಣಿಕ್ಯ ಅಂದ್ಕೊಂಡಿದ್ನಂತೆ. ಇದ್ದದ್ದು ಬರೀ ಚಮ್ಕಿ.

ಇದರಲ್ಲಿ ತಮಾಷೆ ಏನಂದ್ರೆ, ಮೂಲ ಕಥೆಯಲ್ಲಿ ಆ ಶೂ ಕೆಂಪೇ ಅಲ್ಲ. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಪುಸ್ತಕದಲ್ಲಿ ಅದು ಬೆಳ್ಳಿ ಶೂ. ಸಿನಿಮಾದವರಿಗೆ ಆಗ ಬಣ್ಣದ ಫಿಲ್ಮು ಹೊಸದು. ಹಳದಿ ಇಟ್ಟಿಗೆ ರಸ್ತೆ ಮೇಲೆ ಬೆಳ್ಳಿಗಿಂತ ಕೆಂಪು ಎದ್ದು ಕಾಣುತ್ತೆ ಅಂತ ಬದಲಾಯಿಸಿದರು. ಸಿನಿಮಾ ಎಷ್ಟು ಜನಪ್ರಿಯ ಆಯ್ತು ಅಂದ್ರೆ, ಪುಸ್ತಕದ ಬೆಳ್ಳಿ ಶೂ ಜನರ ನೆನಪಿಂದಲೇ ಹೋಯ್ತು.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳೋದಾದ್ರೆ, ಕಾನ್ಸಾಸ್ ಅನ್ನೋ ಬಯಲುಸೀಮೆಯ ಅನಾಥ ಹುಡುಗಿ ಡೊರೋಥಿ. ಚಿಕ್ಕಪ್ಪ ಹೆನ್ರಿ, ಚಿಕ್ಕಮ್ಮ ಎಮ್ ಜೊತೆ ಹೊಲದ ಮನೆಯಲ್ಲಿ ಇರ್ತಾಳೆ. ಸುಂಟರಗಾಳಿ ಮನೆ ಸಮೇತ ಅವಳನ್ನ ಎತ್ತಿಕೊಂಡು ಹೋಗಿ ಓಜ್ ಅನ್ನೋ ದೇಶದಲ್ಲಿ ಇಳಿಸುತ್ತೆ. ಮನೆ ಬಿದ್ದದ್ದು ಒಬ್ಬ ಕೆಟ್ಟ ಮಾಟಗಾತಿ ಮೇಲೆ. ಅವಳ ಶೂ ಡೊರೋಥಿಗೆ ಸೇರುತ್ತೆ. ಬುದ್ಧಿ ಬೇಕು ಅನ್ನೋ ಬೆರ್ಚಪ್ಪ, ಹೃದಯ ಬೇಕು ಅನ್ನೋ ತಗಡಿನ ಮನುಷ್ಯ, ಧೈರ್ಯ ಬೇಕು ಅನ್ನೋ ಪುಕ್ಕಲು ಸಿಂಹ ದಾರಿಯಲ್ಲಿ ಜೊತೆಯಾಗ್ತಾರೆ. ಎಲ್ಲರೂ ಓಜ್‌ನ ಮಹಾ ಮಾಂತ್ರಿಕನ ಹತ್ತಿರ ಹೋದ್ರೆ, ಅವನು ಮಂತ್ರ ಗೊತ್ತಿಲ್ಲದ ಸಾಧಾರಣ ಮನುಷ್ಯ!

ಸ್ಪೈಡರ್‌ಮ್ಯಾನ್ ಮಾಡೋ ಮಾರ್ವೆಲ್ ಕಂಪನಿ ಈ ಕಥೆಯನ್ನ 2009ರಲ್ಲಿ 8 ಸಂಚಿಕೆಗಳ ಕಾಮಿಕ್ಸ್ ಮಾಡಿತು. ಬರೆದವರು ಎರಿಕ್ ಶಾನವರ್, ಚಿತ್ರ ಸ್ಕಾಟಿ ಯಂಗ್ ಅವರದ್ದು. ಶಾನವರ್ ಸುಮ್ಮನೆ ಸಂಬಳಕ್ಕೆ ಬರೆದವರಲ್ಲ, ಓಜ್‌ನ ಹಳೇ ಅಭಿಮಾನಿ. 1986ರಿಂದಲೇ ತಾವೇ ಓಜ್ ಕಾಮಿಕ್ಸ್ ಬರೆದು ಚಿತ್ರಿಸಿದವರು. ಇಲ್ಲಿ ಅವರು ಪುಸ್ತಕ ಎದುರಿಗಿಟ್ಟುಕೊಂಡು, ಸಿನಿಮಾನ ಪಕ್ಕಕ್ಕಿಟ್ಟರು. ಶೂ ಮತ್ತೆ ಬೆಳ್ಳಿ ಆಯ್ತು. 2010ರಲ್ಲಿ ಎರಡು ಐಸ್ನರ್ ಪ್ರಶಸ್ತಿ ಬಂತು. ಕಾಮಿಕ್ಸ್ ಲೋಕದಲ್ಲಿ ಅದೇ ಆಸ್ಕರ್ ಇದ್ದ ಹಾಗೆ.

ಅಲ್ಲಿಂದ ಶುರು ನೋಡಿ ವಾದ. ಸಿನಿಮಾ ನೋಡಿ ಬೆಳೆದವರಿಗೆ ಕೆಂಪು ಶೂ ಇಲ್ಲದ ಡೊರೋಥಿ ಡೊರೋಥಿನೇ ಅಲ್ಲ. ಪುಸ್ತಕದ ಕಡೆಯವರು, ಅಂತೂ ನಮ್ಮ ಕಥೆ ವಾಪಸ್ ಬಂತು ಅಂತಾರೆ. ಇವರೇನು ಸಾಮಾನ್ಯದವರಲ್ಲ. 1957ರಲ್ಲಿ 13 ವರ್ಷದ ಹುಡುಗನೊಬ್ಬ ಶುರು ಮಾಡಿದ ಇಂಟರ್‌ನ್ಯಾಷನಲ್ ವಿಜರ್ಡ್ ಆಫ್ ಓಜ್ ಕ್ಲಬ್ ಅಂತ ಒಂದಿದೆ, ಅದಕ್ಕೆ ಸ್ವಂತ ಪತ್ರಿಕೆ ಬೇರೆ.

ಚಿತ್ರದ ವಿಷಯಕ್ಕೂ ಎರಡು ಪಂಗಡ. ಸ್ಕಾಟಿ ಯಂಗ್ ಬರೆಯೋದು ಕಾರ್ಟೂನ್ ಥರ: ದೊಡ್ಡ ತಲೆ, ಕಡ್ಡಿ ಕಾಲು, ಉಣ್ಣೆ ಉಂಡೆ ಹಾಗಿರೋ ಸಿಂಹ. ಮೊದಲ ಪುಸ್ತಕಕ್ಕೆ ಚಿತ್ರ ಬರೆದ ಡೆನ್ಸ್ಲೋ ಶೈಲಿ ಬೇರೆ, ಎರಡನೇ ಪುಸ್ತಕದಿಂದ ಬಂದ ಜಾನ್ ಆರ್. ನೀಲ್ ಅವರ ನವಿರು ಗೆರೆ ಇನ್ನೂ ಬೇರೆ. ನೀಲ್ ಗೆರೆ ಇಷ್ಟಪಡೋರಿಗೆ ಯಂಗ್ ಚಿತ್ರ ಕಣ್ಣಿಗೆ ಒಗ್ಗಲ್ಲ. ನನಗಂತೂ ಯಂಗ್ ಚಿತ್ರವೇ ಇಷ್ಟ, ಮಕ್ಕಳ ಪುಸ್ತಕದಲ್ಲಿ ಪೋರರು ಪೋರರ ಥರ ಕಾಣಬೇಕು. ಅಂದಹಾಗೆ ಡೆನ್ಸ್ಲೋಗೂ ಬಾಮ್‌ಗೂ ಪುಸ್ತಕದ ಹಕ್ಕು ಜಂಟಿಯಾಗಿತ್ತು. 1902ರಲ್ಲಿ ಓಜ್ ನಾಟಕ ಬಂದಾಗ ಪಾಲಿನ ವಿಷಯಕ್ಕೆ ಇಬ್ಬರೂ ಮುನಿಸಿಕೊಂಡರು. ಡೆನ್ಸ್ಲೋ ಬಂದ ದುಡ್ಡಲ್ಲಿ ಬರ್ಮುಡಾದಲ್ಲಿ ಒಂದು ದ್ವೀಪ ತಗೊಂಡು, ತಾನೇ ಅಲ್ಲಿನ ರಾಜ ಅಂತ ಘೋಷಿಸಿಕೊಂಡ!

ಬಣ್ಣದ ವಿಷಯಕ್ಕೆ ಬಂದರೆ, ಶೂಗಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಸಿನಿಮಾದಲ್ಲಿ ಮಾಂತ್ರಿಕನ ಪಚ್ಚೆ ನಗರ ಸೀದಾ ಹಸಿರು. ಪುಸ್ತಕದಲ್ಲಿ ಹಾಗಲ್ಲ. ಊರ ಬಾಗಿಲಲ್ಲಿ ಕಾವಲುಗಾರ ಎಲ್ಲರಿಗೂ ಹಸಿರು ಕನ್ನಡಕ ಹಾಕಿ ಬೀಗ ಜಡೀತಾನೆ. ಒಳಗಿರೋದೆಲ್ಲ ಹಸಿರು ಕಾಣೋದು ಕನ್ನಡಕದಿಂದ. ಬಟ್ಟೆ ಅಂಗಡಿಯವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಗಿರಾಕಿ ಸೀರೆ ಹಿಡ್ಕೊಂಡು ಬಿಸಿಲಿಗೆ ಯಾಕೆ ಬರ್ತಾರೆ? ಲೈಟಲ್ಲಿ ಕಂಡ ಬಣ್ಣ ನಂಬಲ್ಲ ಅಂತ ತಾನೇ. ಓಜ್‌ನ ಮಾಂತ್ರಿಕನ ವ್ಯಾಪಾರ ನಿಂತಿದ್ದೇ, ಗಿರಾಕಿ ಬಿಸಿಲಿಗೆ ಬರದ ಹಾಗೆ ಬೀಗ ಹಾಕಿದ್ದರಿಂದ. ಸಿನಿಮಾ ಇದನ್ನ ಬಿಟ್ಟಿದ್ದು ನನಗೆ ಶೂಗಿಂತ ದೊಡ್ಡ ನಷ್ಟ ಅನ್ಸುತ್ತೆ.

ಎಲ್ಲಕ್ಕಿಂತ ಗಟ್ಟಿ ವಾದ ಇರೋದು ಕೊನೆಯ ಬಗ್ಗೆ. ಸಿನಿಮಾದಲ್ಲಿ ಡೊರೋಥಿ ಹಾಸಿಗೆಯಲ್ಲಿ ಕಣ್ಣು ಬಿಡ್ತಾಳೆ, ನಡೆದಿದ್ದೆಲ್ಲ ಕನಸು. ಪುಸ್ತಕದಲ್ಲಿ ಓಜ್ ನಿಜವಾದ ದೇಶ, ಅವಳು ನಿಜವಾಗಿ ಹೋಗಿ ಬರ್ತಾಳೆ. ಕನಸಾದರೇನು, ನಿಜವಾದರೇನು ಅಂತ ಕೇಳಬಹುದು. ಬಾಮ್ ಬರೆದದ್ದು ಒಂದಲ್ಲ, 14 ಓಜ್ ಪುಸ್ತಕ. ಆರನೆಯದು 1910ರ 'ದಿ ಎಮರಾಲ್ಡ್ ಸಿಟಿ ಆಫ್ ಓಜ್'. ಸುಂಟರಗಾಳಿಗೆ ಹೋದ ಮನೆ ಬದಲು ಹೊಸ ಮನೆ ಕಟ್ಟೋಕೆ ಹೆನ್ರಿ ಚಿಕ್ಕಪ್ಪ ಜಮೀನು ಅಡ ಇಟ್ಟು ಸಾಲ ಮಾಡಿರ್ತಾರೆ. ಬೆಳೆ ಕೈಗೆ ಹತ್ತಲ್ಲ, ವಯಸ್ಸಾಗಿದೆ, ಸಾಲ ತೀರಲ್ಲ. ಬ್ಯಾಂಕಿನವನು ಜಮೀನು ಹಿಡಿಯೋಕೆ ತಯಾರು. ಆಗ ಡೊರೋಥಿ ಓಜ್‌ನ ರಾಣಿ ಓಜ್ಮಾಳನ್ನ ಕೇಳಿ, ಇಬ್ಬರನ್ನೂ ಓಜ್‌ಗೇ ಕರೆಸಿಕೊಳ್ತಾಳೆ. ಓಜ್ ಕನಸಾಗಿದ್ರೆ ಆ ಇಬ್ಬರು ಮುದುಕರು ಎಲ್ಲಿಗೆ ಹೋಗಬೇಕಿತ್ತು?

ಶಾನವರ್, ಯಂಗ್ ಜೋಡಿ ಒಂದು ಪುಸ್ತಕಕ್ಕೇ ನಿಲ್ಲಲಿಲ್ಲ, ಆರು ಮಾಡಿದರು. 2013ರಲ್ಲಿ ಬಂದ ಕೊನೆಯದು ಇದೇ ಸಾಲದ ಕಥೆ. ಅದಕ್ಕೇ ಅಭಿಮಾನಿಗಳು ಮೊದಲ ಕಾಮಿಕ್ಸ್‌ನಲ್ಲಿ ಕನಸು ಇಲ್ಲದ್ದನ್ನ ಅಷ್ಟು ಮುಖ್ಯ ಅಂತ ಹೇಳೋದು.

ನಮಗೂ ಓಜ್‌ಗೂ ಏನು ಸಂಬಂಧ ಅಂತೀರಾ? ಅಮರ ಚಿತ್ರಕಥೆ ಎಲ್ಲರಿಗೂ ಗೊತ್ತು, ನಮ್ಮ ಕಾರ್ಕಳದ ಅನಂತ ಪೈ ಹೆಸರೂ ಗೊತ್ತು. ಕೃಷ್ಣನ ಕಥೆಯಿಂದ ಅದು ಶುರು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಆದರೆ ಕೃಷ್ಣನ ಸಂಚಿಕೆ ನಂಬರ್ 11. ಅದಕ್ಕೂ ಮೊದಲಿನ 10, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯ ಜಿ.ಕೆ. ಅನಂತರಾಮ್ ಮುಂದೆ ನಿಂತು 1965ರಲ್ಲಿ ಕನ್ನಡದಲ್ಲಿ ತಂದದ್ದು. ಎಲ್ಲ ಸಿಂಡ್ರೆಲಾ, ಪಿನೋಕಿಯೋ ಥರದ ಕಥೆಗಳು, ಅದರಲ್ಲಿ ಓಜ್‌ನ ಮಾಂತ್ರಿಕನೂ ಒಬ್ಬ. ನಿಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಅದರ ಪ್ರತಿ ಇದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ.

ಇನ್ನು ಅಂಗಡಿ, ಶಾಲೆ, ಫ್ಲೆಕ್ಸ್ ಪ್ರಿಂಟಿಂಗ್‌ನವರಿಗೆ ಬೇಕಾದ ವಿಷಯ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ 60 ವರ್ಷದವರೆಗೆ ಪುಸ್ತಕಕ್ಕೆ ಕಾಪಿರೈಟ್. ಬಾಮ್ ತೀರಿದ್ದು 1919ರಲ್ಲಿ. ಹಾಗಾಗಿ ಅವರ ಓಜ್ ಕಥೆಯನ್ನ ಯಾರು ಬೇಕಾದರೂ ನಾಟಕ ಆಡಬಹುದು, ಕಾಮಿಕ್ಸ್ ಮಾಡಬಹುದು, ಬೆಳ್ಳಿ ಶೂ ಬರೀಬಹುದು. ಕೆಂಪು ಶೂ ಮಾತ್ರ ಸಿನಿಮಾದವರ ಸ್ವತ್ತು, ಈಗ ವಾರ್ನರ್ ಕಂಪನಿ ಹತ್ತಿರ ಇದೆ. 1985ರಲ್ಲಿ ಓಜ್ ಸಿನಿಮಾ ಮಾಡಿದ ಡಿಸ್ನಿಯಂಥ ಡಿಸ್ನಿನೇ ಕೆಂಪು ಶೂ ತೋರಿಸೋಕೆ ದುಡ್ಡು ಕೊಟ್ಟಿತ್ತು. 2024ರಲ್ಲಿ ಬಂದ 'ವಿಕೆಡ್' ಸಿನಿಮಾದಲ್ಲಿ ಶೂ ಬೆಳ್ಳಿಯದ್ದೇ.

ಕನ್ನಡದ್ದೇ ಕಥೆ ಕಾಮಿಕ್ಸ್ ಮಾಡ್ತೀನಿ ಅನ್ನೋ ಹುಡುಗರಿಗೆ ಬೊಮ್ಮನಹಳ್ಳಿಯ ಕಿಂದರಿಜೋಗಿ ಮೇಲೆ ಕಣ್ಣಿರುತ್ತೆ. ಕುವೆಂಪು ಅದನ್ನ ತಂದದ್ದು ಬ್ರೌನಿಂಗ್ ಬರೆದ ಜರ್ಮನಿಯ ಹ್ಯಾಮಲಿನ್ ಊರಿನ ಕಥೆಯಿಂದ. ಹ್ಯಾಮಲಿನ್‌ನ ಕಿನ್ನರಿಯವನು ಎಲ್ಲರಿಗೂ ಫ್ರೀ. ಬೊಮ್ಮನಹಳ್ಳಿಯ ಜೋಗಿ ಬೇಕಂದ್ರೆ ಮಾತ್ರ, ಕುವೆಂಪು ತೀರಿದ್ದು 1994ರಲ್ಲಿ ಆದ್ದರಿಂದ, 2054ರ ಡಿಸೆಂಬರ್ ಮುಗಿಯೋವರೆಗೆ ಹಕ್ಕುದಾರರ ಅನುಮತಿ ತಗೋಬೇಕು.