ಯಂತ್ರದ ಉಸಿರುಗೊಳವೆ: ಮೋಟಾರು ಸೈಕಲ್ಲಿನ ಒಂದು ಅಲಕ್ಷಿತ ಅಂಗ

ಮದ್ದೂರೆಂದೊಡನೆ ಬಹುಮಂದಿಗೆ ಮಂಡ್ಯ ಜಿಲ್ಲೆಯ ಊರೂ ಅಲ್ಲಿನ ವಡೆಯೂ ನೆನಪಿಗೆ ಬರುವುದು ಸಹಜ. ಈ ಲೇಖನದಲ್ಲಿ ಉದ್ದೇಶಿಸಿರುವ ಮದ್ದೂರು ಅದಲ್ಲ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯು ಬಂಡೀಪುರದ ಅರಣ್ಯವನ್ನು ಹೊಗುವೆಡೆಯಲ್ಲಿರುವ ಮದ್ದೂರು. 2009ರಿಂದ ಈ ಮಾರ್ಗದಲ್ಲಿ ರಾತ್ರಿ 9 ಗಂಟೆಯಿಂದ ಬೆಳಗ್ಗೆ 6 ಗಂಟೆಯವರೆಗೆ ಸಾಮಾನ್ಯ ವಾಹನಗಳ ಸಂಚಾರ ನಿಷಿದ್ಧವಾಗಿದೆ. ತನಿಖಾ ಠಾಣೆಯನ್ನು ದಾಟಿದ ಮೇಲೆ ಸುಮಾರು 20 ಕಿಲೋಮೀಟರು ಕಾಡು. ಅಲ್ಲಿ ವಾಹನವನ್ನು ನಿಲ್ಲಿಸುವುದಕ್ಕೆ ಅಪ್ಪಣೆಯಿಲ್ಲ, ಆನೆಗಳ ಓಡಾಟವಿರುವೆಡೆಯಲ್ಲಿ ನಿಲ್ಲಿಸುವುದು ವಿವೇಕವೂ ಅಲ್ಲ. ಚಳಿಗಾಲದ ಮುಂಜಾವಿನಲ್ಲಿ ಠಾಣೆಯ ಮುಂದೆ ತಣ್ಣಗಾಗಿ ನಿಂತ ಮೋಟಾರು ಸೈಕಲ್ಲು, ಅದರ ಮುಂದೆ ನಿಲ್ಲದೆ ಸಾಗಬೇಕಾದ ಕಾಡುದಾರಿ, ಕಾಡಿನಾಚೆ ವಯನಾಡಿನ ಮಳೆ: ಇವು ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡರೆ, ಯಂತ್ರದ ಒಂದು ಅತಿ ಸಾಮಾನ್ಯವಾದ ಕೊಳವೆಯ ವಿಚಾರವನ್ನು ಇಷ್ಟು ವಿಸ್ತಾರವಾಗಿ ಬರೆಯುವುದೇಕೆಂಬುದು ವಾಚಕರಿಗೆ ವಿದಿತವಾದೀತು.

ಆ ಕೊಳವೆಯನ್ನು ನಮ್ಮ ಮೆಕ್ಯಾನಿಕ್ಕುಗಳು ಬ್ರೀದರ್ ಪೈಪು ಎನ್ನುತ್ತಾರೆ. ಇಲ್ಲಿ ಉಸಿರುಗೊಳವೆಯೆಂದು ಕರೆಯೋಣ. ಸಿಲಿಂಡರಿನೊಳಗೆ ಪಿಸ್ಟನ್ನು ಮೇಲೆ ಕೆಳಗೆ ಆಡುವುದಷ್ಟೆ. ಅದರ ಮೇಲುಭಾಗದಲ್ಲಿ ನಡೆಯುವ ದಹನಕ್ರಿಯೆಯನ್ನು ಎಲ್ಲರೂ ಬಲ್ಲರು; ಕೆಳಭಾಗದಲ್ಲಿ ಏನು ನಡೆಯುತ್ತದೆಂದು ಯೋಚಿಸುವವರು ವಿರಳ. ಪಿಸ್ಟನ್ನಿನ ಕೆಳಗಿರುವ ಕೋಣೆಯೇ ಕ್ರ್ಯಾಂಕ್‌ಕೇಸು. ಕ್ರ್ಯಾಂಕಿನ ದಂಡವೂ ಎಣ್ಣೆಯೂ ಇರುವ ಈ ಕೋಣೆಯಲ್ಲಿ ಉಳಿದುದೆಲ್ಲ ಗಾಳಿ. ಬುಲೆಟ್ ಜಾತಿಯ 346 ಘನ ಸೆಂಟಿಮೀಟರಿನ ಯಂತ್ರದಲ್ಲಿ ಪಿಸ್ಟನ್ನು ಒಮ್ಮೆ ಕೆಳಗಿಳಿದರೆ ಅಷ್ಟೇ ಗಾತ್ರದ ಗಾಳಿಯನ್ನು ಕೆಳಕ್ಕೆ ಒತ್ತಲೇಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ ಈ ಒತ್ತುವಿಕೆ, 50 ಸಲ ಹಿಂದಕ್ಕೆ ಸೆಳೆಯುವಿಕೆ. ಕೋಣೆಗೆ ಬಾಗಿಲಿಲ್ಲದಿದ್ದರೆ ಒತ್ತಡವು ದುರ್ಬಲವಾದ ಸಂದನ್ನು ಹುಡುಕಿಕೊಂಡು ಹೋಗುತ್ತದೆ. ಆ ಸಂದು ಎಣ್ಣೆಯ ಸೀಲು, ಇಲ್ಲವೆ ಎರಡು ಲೋಹಭಾಗಗಳ ನಡುವಣ ಗ್ಯಾಸ್ಕೆಟ್ಟು. ಅಲ್ಲಿಂದ ಎಣ್ಣೆ ಜಿನುಗತೊಡಗಿದಾಗ ಮಾಲೀಕನು ಸೀಲನ್ನು ಬದಲಾಯಿಸಿಸುತ್ತಾನೆ. ಹೊಸ ಸೀಲೂ ಜಿನುಗುತ್ತದೆ. ದೋಷವು ಸೀಲಿನದಲ್ಲ, ಕಟ್ಟಿಕೊಂಡ ಉಸಿರಿನದು.

ಇಷ್ಟು ಸರಳವಾದ ಸಂಗತಿಯು ನಮ್ಮ ಸೀಮೆಯಲ್ಲಿ ಬೇಗನೆ ಮರೆತುಹೋಗುವುದಕ್ಕೆ ಒಂದು ಚಾರಿತ್ರಿಕ ಕಾರಣವೂ ಇರಬೇಕೆಂದು ನನ್ನ ಊಹೆ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸಿತು. ಮೈಸೂರಿನ ಸುತ್ತುಮುತ್ತ ಒಂದು ತಲೆಮಾರಿನ ಮೆಕ್ಯಾನಿಕ್ಕುಗಳ ಕೈ ಪಳಗಿದ್ದು ಇವುಗಳ ಮೇಲೆಯೇ. ಇವು ಎರಡು ಹೊಡೆತದ ಯಂತ್ರಗಳು. ಇಂತಹ ಯಂತ್ರದಲ್ಲಿ ಕ್ರ್ಯಾಂಕ್‌ಕೇಸೇ ಪಂಪು: ಪಿಸ್ಟನ್ನು ಮೇಲೇರುವಾಗ ಪೆಟ್ರೋಲಿನ ಮಿಶ್ರಣವು ಕೋಣೆಯೊಳಕ್ಕೆ ಸೆಳೆಯಲ್ಪಡುತ್ತದೆ, ಇಳಿಯುವಾಗ ಒತ್ತಲ್ಪಟ್ಟು ಪಕ್ಕದ ಕಂಡಿಗಳ ಮೂಲಕ ಸಿಲಿಂಡರಿಗೆ ಏರುತ್ತದೆ. ಅಲ್ಲಿ ಕೋಣೆಯು ಬಿಗಿಯಾಗಿ ಮುಚ್ಚಿರಬೇಕು. ಒಂದು ಸೀಲು ಸೋರಿದರೆ ಯಂತ್ರವು ಸರಿಯಾಗಿ ನಡೆಯದು. ಉಸಿರುಗೊಳವೆಗೆ ಅಲ್ಲಿ ಎಡೆಯೇ ಇಲ್ಲ. ನಾಲ್ಕು ಹೊಡೆತದ ಯಂತ್ರದಲ್ಲಿ ಇದೇ ಕೋಣೆ ತೆರೆದು ಉಸಿರಾಡಬೇಕು. ಒಂದರ ಜೀವ ಮತ್ತೊಂದರ ರೋಗ. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಪೇಟೆಗೆ ಬಂದಾಗ ಹೆಸರೂ ಆಕಾರವೂ ಹಳೆಯವಾಗಿದ್ದರೂ ಒಳಗಿನ ಯಂತ್ರ ನಾಲ್ಕು ಹೊಡೆತದ್ದು, ನೀರಿನಿಂದ ತಂಪಾಗುವಂಥದು. ತಂದೆಯ ಜಾವಾಕ್ಕೆ ಇಲ್ಲದಿದ್ದ ಉಸಿರುಗೊಳವೆ ಮಗನ ಜಾವಾಕ್ಕೆ ಇದೆ.

ಇನ್ನು ಆ ಉಸಿರಿನಲ್ಲಿ ಏನಿರುತ್ತದೆಂಬುದನ್ನು ನೋಡಬೇಕು. ಪಿಸ್ಟನ್ನಿನ ರಿಂಗುಗಳು ಎಷ್ಟೇ ಚೆನ್ನಾಗಿದ್ದರೂ ದಹನಾನಿಲದ ಸ್ವಲ್ಪಭಾಗ ಅವುಗಳ ಸಂದಿನಿಂದ ಕೆಳಕ್ಕೆ ನುಸುಳುತ್ತದೆ. ಅದರಲ್ಲಿ ಉರಿಯದ ಪೆಟ್ರೋಲಿನ ಆವಿ, ಇಂಗಾಲದ ಡೈ ಆಕ್ಸೈಡು ಮತ್ತು ನೀರಿನ ಆವಿ ಇವೆ. ನೀರೆಂದೊಡನೆ ಕೆಲವರು ಅಚ್ಚರಿಪಡುವುದುಂಟು. ಪೆಟ್ರೋಲು ಜಲಜನಕವನ್ನು ಹೇರಳವಾಗಿ ಒಳಗೊಂಡ ದ್ರವ. ಒಂದು ಲೀಟರು ಪೆಟ್ರೋಲು ಸಂಪೂರ್ಣವಾಗಿ ಉರಿದರೆ ಹುಟ್ಟುವ ನೀರಿನ ಪ್ರಮಾಣವೂ ಹೆಚ್ಚುಕಡಮೆ ಒಂದು ಲೀಟರೇ. ಇದರ ಬಹುಭಾಗ ಆವಿಯಾಗಿ ಹೊಗೆಗೊಳವೆಯಿಂದ ಹೊರಬೀಳುತ್ತದೆ. ಚಳಿಯ ಬೆಳಗಿನಲ್ಲಿ ನಿಂತ ಗಾಡಿಯ ಹೊಗೆಗೊಳವೆಯಿಂದ ತೊಟ್ಟಿಕ್ಕುವ ನೀರು ಅದೇ. ಕ್ರ್ಯಾಂಕ್‌ಕೇಸಿಗೆ ನುಸುಳಿದ ಅಲ್ಪಾಂಶವಾದರೋ ಯಂತ್ರವು ಚೆನ್ನಾಗಿ ಕಾದಿದ್ದರೆ ಆವಿಯಾಗಿಯೇ ಉಸಿರುಗೊಳವೆಯಿಂದ ಹೊರಟುಹೋಗುತ್ತದೆ. ಯಂತ್ರ ತಣ್ಣಗಿದ್ದರೆ ಲೋಹದ ಗೋಡೆಗಳ ಮೇಲೆ ಇಬ್ಬನಿಯಂತೆ ಕೂತು, ಎಣ್ಣೆಯೊಡನೆ ಕಡೆಯಲ್ಪಟ್ಟು, ಮೊಸರು ಕಡೆಯುವಾಗ ಬೆಣ್ಣೆ ಕೂಡುವುದಕ್ಕೆ ಮುಂಚಿನ ನೊರೆಯಂತಹ ಹಳದಿ ಬಿಳುಪಿನ ವಸ್ತುವಾಗುತ್ತದೆ. ಮನೆಯಿಂದ ಹೊಲಕ್ಕೆ ಒಂದು ಮೈಲಿ, ಹೊಲದಿಂದ ಡೈರಿಗೆ ಅರ್ಧ ಮೈಲಿ ಎಂದು ಕಿರುದೂರಗಳನ್ನಷ್ಟೇ ಓಡುವ ಗಾಡಿಯಲ್ಲಿ ಈ ನೊರೆ ಬೇಗ ಸೇರುತ್ತದೆ. ಊಟಿಗೆ ಹೋಗಿಬರುವ ಗಾಡಿಗಿಂತ ಊರೊಳಗೇ ತಿರುಗುವ ಗಾಡಿಯ ಎಣ್ಣೆ ಮೊದಲು ಕೆಡುವುದು ವಿಚಿತ್ರವೆನಿಸಿದರೂ ನಿಜ.

ಹೊರಬಂದ ಉಸಿರನ್ನು ಹಿಂದೆ ಬಯಲಿಗೇ ಬಿಡುತ್ತಿದ್ದರು. ಹಳೆಯ ಕೆಲವು ಬ್ರಿಟಿಷ್ ಮಾದರಿಗಳಲ್ಲಿ ಅದನ್ನು ಹಿಂಚಕ್ರದ ಸರಪಳಿಯ ಮೇಲೆ ಬೀಳಿಸಿ, ಎಣ್ಣೆಯ ಹನಿಗಳಿಂದಲೇ ಸರಪಳಿಯನ್ನು ನಯಗೊಳಿಸುತ್ತಿದ್ದುದುಂಟು. ಮಿತವ್ಯಯದ ಉಪಾಯವೇ ಸರಿ. ಆದರೆ ಈ ಆವಿಯಲ್ಲಿರುವ ಹೈಡ್ರೋಕಾರ್ಬನ್ನುಗಳು ನಗರದ ವಾಯುವನ್ನು ಕೆಡಿಸುತ್ತವೆಂದು ತಿಳಿದ ಬಳಿಕ, ಮೊದಲು ಕ್ಯಾಲಿಫೋರ್ನಿಯದಲ್ಲಿ 1960ರ ದಶಕದ ಆರಂಭದಲ್ಲಿ ಕಾರುಗಳಿಗೂ, ಕ್ರಮೇಣ ಇತರ ವಾಹನಗಳಿಗೂ ಅದನ್ನು ಯಂತ್ರಕ್ಕೇ ಮರಳಿ ಊಡಿಸುವ ಏರ್ಪಾಡು ಬಂದಿತು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳಿಗೆ ಒಳಪಟ್ಟ ಗಾಡಿಗಳಲ್ಲಿ ಉಸಿರುಗೊಳವೆಯ ತುದಿಯು ಬಯಲಿನಲ್ಲಿ ಕಾಣದು. ಅದು ಸೀಟಿನ ಕೆಳಗಿನ ಗಾಳಿಪೆಟ್ಟಿಗೆಗೆ, ಎಂದರೆ ಏರ್ ಫಿಲ್ಟರಿನ ಡಬ್ಬಿಗೆ, ಸೇರಿಕೊಂಡಿರುತ್ತದೆ. ಎಣ್ಣೆಯೂ ನೀರೂ ಅಲ್ಲಿ ಆವಿಯಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ತಳದಿಂದ ಬೆರಳುದ್ದದ ಒಂದು ರಬ್ಬರು ಅಥವಾ ಪಾರದರ್ಶಕ ಪ್ಲಾಸ್ಟಿಕ್ಕಿನ ಕೊಳವೆ ಇಳಿಬಿದ್ದು, ಅದರ ತುದಿಗೆ ಬೆಣೆ ಹಾಕಿರುತ್ತದೆ. ಇದೇ ಬಸಿಗೊಳವೆ.

ಈ ಬೆಣೆಯ ವಿಷಯದಲ್ಲಿ ನಡೆಯುವ ತಪ್ಪು ಎಲ್ಲಕ್ಕಿಂತ ದುಬಾರಿಯಾದುದು. ಬಸಿಗೊಳವೆ ತುಂಬಿದುದನ್ನು ಕಂಡು, ‘ತಾನಾಗಿಯೇ ಸುರಿದುಹೋಗಲಿ’ ಎಂದು ಬೆಣೆಯನ್ನು ಕಿತ್ತೆಸೆಯುವವರಿದ್ದಾರೆ. ಕೊಳವೆಯನ್ನೇ ಕತ್ತರಿಸುವವರೂ ಇದ್ದಾರೆ. ಅನೇಕ ಮಾದರಿಗಳಲ್ಲಿ ಬಸಿಗೊಳವೆಯು ಫಿಲ್ಟರಿನ ಒಳಮಗ್ಗುಲಿಗೆ, ಶೋಧಿತವಾದ ಗಾಳಿಯಿರುವ ಭಾಗಕ್ಕೆ, ಸೇರಿರುತ್ತದೆ. ಅಲ್ಲಿ ಬೆಣೆ ತೆಗೆದರೆ ಫಿಲ್ಟರಿನ ಕಾವಲನ್ನು ತಪ್ಪಿಸಿ ಗಾಳಿ ಒಳನುಗ್ಗಲು ಕಳ್ಳದಾರಿ ತೆರೆದಂತಾಯಿತು. ಗುಂಡ್ಲುಪೇಟೆಯ ಸುತ್ತಿನ ಚೆಂಡುಹೂವಿನ ಹೊಲಗಳ ನಡುವಣ ಮಣ್ಣುದಾರಿಗಳಲ್ಲಿ ಬೇಸಗೆಯ ಧೂಳು ಎಂತಹುದೆಂದು ಅಲ್ಲಿ ಓಡಾಡಿದವರು ಬಲ್ಲರು. ಆ ಧೂಳು ಸಿಲಿಂಡರನ್ನು ಹೊಕ್ಕರೆ ಎಣ್ಣೆಯೊಡನೆ ಸೇರಿ ಅರದಂತೆ ರಿಂಗುಗಳನ್ನು ಸವೆಸುತ್ತದೆ; ರಿಂಗು ಸವೆದಷ್ಟೂ ಕೆಳಕ್ಕೆ ನುಸುಳುವ ಅನಿಲ ಹೆಚ್ಚುತ್ತದೆ; ಅನಿಲ ಹೆಚ್ಚಿದಷ್ಟೂ ಗಾಳಿಪೆಟ್ಟಿಗೆಗೆ ಬರುವ ಎಣ್ಣೆಯೂ ಹೆಚ್ಚುತ್ತದೆ. ಬೆಣೆ ಕಿತ್ತವನು ಅದನ್ನು ಕಂಡು ‘ಕಿತ್ತದ್ದೇ ಒಳ್ಳೆಯದಾಯಿತು, ನೋಡಿ ಎಷ್ಟು ಸುರಿಯುತ್ತಿದೆ’ ಎನ್ನುತ್ತಾನೆ.

ಪಾಲನೆಯ ಕ್ರಮವು ಕಷ್ಟವಾದುದಲ್ಲ. ಹಲವು ತಯಾರಕರ ಕೈಪಿಡಿಗಳು 6000 ಕಿಲೋಮೀಟರಿಗೊಮ್ಮೆ ಬಸಿಗೊಳವೆಯನ್ನು ಬರಿದುಮಾಡಲು ಹೇಳುತ್ತವೆ. ಮಳೆಯಲ್ಲಿ ಓಡಿಸಿದ ಬಳಿಕ, ಗಾಡಿಯನ್ನು ತೊಳೆದ ಬಳಿಕ, ಗಾಡಿ ಮಗುಚಿಬಿದ್ದ ಬಳಿಕ ಇನ್ನೂ ಬೇಗನೆ ಮಾಡತಕ್ಕದ್ದು. ಪಾರದರ್ಶಕವಾದ ಕೊಳವೆಯಲ್ಲಿ ದ್ರವ ಕಂಡರೆ ಅದೇ ಸೂಚನೆ. ಗುಂಡ್ಲುಪೇಟೆಯ ಒಣಹವೆಯಿಂದ ಹೊರಟು ಆಷಾಢದಲ್ಲಿ ವಯನಾಡಿನ ಮಳೆಯಲ್ಲಿ ನೆನೆದು ಹಿಂದಿರುಗುವ ಗಾಡಿಗೆ ಕಿಲೋಮೀಟರಿನ ಲೆಕ್ಕ ಸಾಲದು. ಬಂದ ದಿನವೇ ನೋಡುವುದು ಲೇಸು. ಕೆಳಗೆ ಒಂದು ಡಬ್ಬಿಯನ್ನಿಟ್ಟು ಬೆಣೆ ಬಿಚ್ಚಿ, ಬಸಿದುದೆಲ್ಲ ಇಳಿದ ಮೇಲೆ ಬೆಣೆಯನ್ನು ಒರಸಿ ಮತ್ತೆ ಹಾಕಬೇಕು. ಫಿಲ್ಟರು ಕಾಗದದ್ದಾಗಿದ್ದು ಎಣ್ಣೆಯಲ್ಲಿ ತೊಯ್ದಿದ್ದರೆ ತೊಳೆದು ಪ್ರಯೋಜನವಿಲ್ಲ, ಹೊಸದನ್ನೇ ಹಾಕಬೇಕು.

ಉಸಿರುಗೊಳವೆಯನ್ನು ಎರಡು ತುದಿಯಲ್ಲೂ ಬಿಚ್ಚಿ ಊದಿ ನೋಡಬೇಕು. ನಡುವೆ ಏಕಮುಖ ಕವಾಟವಿದ್ದರೆ ಯಂತ್ರದ ಕಡೆಯಿಂದ ಊದಿದಾಗ ಗಾಳಿ ಹೋಗಬೇಕು, ಎದುರಿನಿಂದ ಹೋಗಕೂಡದು. ಹಳೆಯ ಬುಲೆಟ್ಟಿನಲ್ಲಿ ಈ ಕವಾಟವು ಬಾತುಕೋಳಿಯ ಕೊಕ್ಕಿನಂತಹ ರಬ್ಬರಿನ ತುಂಡು. ತುಟಿಗಳು ಗಡುಸಾಗಿ ಬಿರಿದಿದ್ದರೆ ಬದಲಾಯಿಸತಕ್ಕದ್ದು. ಅದು ಸರಿಯಾಗಿದ್ದರೆ ಗಾಳಿ ಹೊರಗೆ ಹೋಗುವುದೇ ಹೊರತು ಒಳಗೆ ಬಾರದು. ಆದುದರಿಂದ ಕೋಣೆಯಲ್ಲಿ ಒತ್ತಡವು ತುಸು ತಗ್ಗಿಯೇ ಇದ್ದು ಎಣ್ಣೆ ಸೋರುವುದಿಲ್ಲ. ಕೊಳವೆಯ ಬಾಯಿ ಬಯಲಿಗಿರುವ ಹಳೆಯ ಗಾಡಿಗಳಲ್ಲಿ ಇನ್ನೊಂದು ವೈರಿಯುಂಟು. ತಿಂಗಳುಗಟ್ಟಲೆ ನಿಂತ ಗಾಡಿಯ ಕೊಳವೆಯಲ್ಲಿ ಕುಂಬಾರಹುಳುವು ಹಸಿಮಣ್ಣಿನಿಂದ ಗೂಡು ಕಟ್ಟಿ ಬಾಯನ್ನು ಸೊಗಸಾಗಿ ಮೆತ್ತಿಬಿಡುತ್ತದೆ.

ಗಾಳಿಪೆಟ್ಟಿಗೆಯಲ್ಲಿ ಎಣ್ಣೆ ಕಂಡೊಡನೆ ಯಂತ್ರವನ್ನು ಬಿಚ್ಚಿಸಲು ಹೊರಡುವುದು ಅವಸರ. ಮೊದಲು ಎಣ್ಣೆಯ ಮಟ್ಟವನ್ನು ಕೈಪಿಡಿಯಲ್ಲಿ ಹೇಳಿದ ರೀತಿಯಲ್ಲೇ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಅಳೆಯಬೇಕು. ಪಕ್ಕದ ಸ್ಟ್ಯಾಂಡಿನ ಮೇಲೆ ಓರೆಯಾಗಿ ನಿಂತ ಗಾಡಿಯಲ್ಲಿ ಮಟ್ಟ ತಪ್ಪಾಗಿ ತೋರಿ, ಕಡಮೆಯೆಂದು ಭ್ರಮಿಸಿ ಮೇಲೆ ಸುರಿದುದೇ ಎಷ್ಟೋ ವೇಳೆ ದೋಷದ ಮೂಲ. ಮಟ್ಟ ಸರಿಯಿದ್ದು ನೊರೆ ಮಾತ್ರ ಕಂಡರೆ, ಅರ್ಧ ಗಂಟೆಗೆ ಮಿಗಿಲಾದ ಒಂದು ಓಟದಲ್ಲಿ ಯಂತ್ರವು ಚೆನ್ನಾಗಿ ಕಾದ ಬಳಿಕ ಮತ್ತೆ ನೋಡಬೇಕು. ಸಾಮಾನ್ಯವಾದ ತೇವಾಂಶವಾಗಿದ್ದರೆ ನೊರೆ ಕರಗಿರುತ್ತದೆ. ನೀರಿನಿಂದ ತಂಪಾಗುವ ಯಂತ್ರದಲ್ಲಿ ನೊರೆ ಹೋಗದೆ, ಕೂಲೆಂಟಿನ ಮಟ್ಟವೂ ಇಳಿಯುತ್ತಿದ್ದರೆ ಒಳಗಿನ ಗ್ಯಾಸ್ಕೆಟ್ಟನ್ನು ಸಂಶಯಿಸುವುದು ನ್ಯಾಯ. ಯಂತ್ರವು ಮೆಲ್ಲನೆ ನಡೆಯುತ್ತಿರುವಾಗ ಉಸಿರುಗೊಳವೆಯ ಬಾಯಿಯಲ್ಲಿ ಹಗುರವಾದ ಮಿಡಿತವಿರುವುದು ಆರೋಗ್ಯದ ಲಕ್ಷಣ. ಎಡೆಬಿಡದೆ ಹೊಗೆಯೇ ಹೊರಡುತ್ತಿದ್ದರೆ ರಿಂಗುಗಳ ಸರದಿ ಬಂದಿತೆಂದು ತಿಳಿಯಬಹುದು.

ಬಸಿದ ದ್ರವದಲ್ಲಿ ಪೆಟ್ರೋಲೂ ಕೆಟ್ಟ ಎಣ್ಣೆಯೂ ಇರುವುದರಿಂದ ಅದನ್ನು ದಾರಿಯ ಬದಿಗಾಗಲಿ ಕೆರೆಯ ಏರಿಗಾಗಲಿ ಚೆಲ್ಲಬಾರದು. ಎಣ್ಣೆ ಬದಲಾಯಿಸುವಾಗ ತೆಗೆದ ಹಳೆಯ ಎಣ್ಣೆಯೊಡನೆ ಶೇಖರಿಸಿ ಗ್ಯಾರೇಜಿಗೆ ಕೊಡತಕ್ಕದ್ದು. ಮದ್ದೂರಿನ ಠಾಣೆಯಲ್ಲಿ ಗೇಟು ತೆರೆಯುವುದನ್ನು ಕಾಯುತ್ತ ನಿಂತವರು ಈ ಕೆಲಸಕ್ಕೆ ಕೈಹಾಕುವುದು ಬೇಡ. ಹಿಂದಿನ ಸಂಜೆಯೇ ಮನೆಯಂಗಳದಲ್ಲಿ ಅದನ್ನು ಮುಗಿಸಿ, ಬೆಣೆ ಇದ್ದಲ್ಲೇ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಿಕೊಂಡು ಹೊರಡಬೇಕು.