ಚರ್ಚಿನ ಕೆಲಸಕ್ಕೂ ಸಂಘದ ಲೆಕ್ಕಕ್ಕೂ ಮೊಬೈಲು



ಚರ್ಚಿನ ಹಬ್ಬ ಬಂತೆಂದರೆ ಹೂವಿನ ಅಲಂಕಾರ, ಮನೆ ಮನೆ ವಂತಿಗೆ, ಊಟದ ಚೀಟಿ, ಮಕ್ಕಳ ಹಾಡು, ಕೊನೆಗೆ ಲೆಕ್ಕ ಎಲ್ಲವೂ ಮಹಿಳೆಯರ ತಲೆಯ ಮೇಲೇ ಬರುತ್ತದೆ. ಬಾಳ್ಳುಪೇಟೆ, ಆಲೂರು, ಸಕಲೇಶಪುರ ಕಡೆ ನಮಗಿದು ಹೊಸದೇನಲ್ಲ. ಹೊಸದು ಅಂದರೆ ಈಗ ಈ ಕೆಲಸದಲ್ಲಿ ಅರ್ಧ ಮೊಬೈಲಿನಲ್ಲೇ ನಡೆಯುತ್ತಿದೆ. ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಕೈ ಸುಡುತ್ತದೆ ಎಂಬುದನ್ನು ನೋಡೋಣ.

ಮೊದಲು ಹಣದ ವಿಷಯ. 2016ರಲ್ಲಿ ಯುಪಿಐ ಬಂತು. ಫೋನ್‌ಪೇ, ಗೂಗಲ್ ಪೇ, ಭೀಮ್ ಎಂದು ಹೆಸರು ಬೇರೆ ಬೇರೆ, ಹಣ ಹೋಗುವ ದಾರಿ ಒಂದೇ. ಕಾಣಿಕೆಗೆ ಚಿಲ್ಲರೆ ಇಲ್ಲ ಎನ್ನುವವರೂ ಕ್ಯೂಆರ್ ಚೀಟಿ ಕಂಡರೆ ಸ್ಕ್ಯಾನ್ ಮಾಡುತ್ತಾರೆ. ಒಳ್ಳೆಯದೇ. ಆದರೆ ಆ ಚೀಟಿ ಯಾರ ಖಾತೆಯದು? ಹಲವು ಕಡೆ ಖಜಾಂಚಿಯವರ ಸ್ವಂತ ಖಾತೆಯದ್ದೇ ಇರುತ್ತದೆ. "ನಮ್ಮವರೇ ಅಲ್ವಾ, ನಂಬಿಕೆ ಇದೆ" ಅಂತೀವಿ. ನಂಬಿಕೆಯ ಪ್ರಶ್ನೆ ಅಲ್ಲ ಇದು. ಆ ಅಕ್ಕ ಯಾವುದೋ ಸಾಲ ತೆಗೆದು, ಕಂತು ಅದೇ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಸಹಿ ಹಾಕಿಕೊಟ್ಟಿರಬಹುದು. ಹಬ್ಬದ ಮಾರನೇ ದಿನ ಕಂತಿನ ತಾರೀಕು ಬಂದರೆ ಬ್ಯಾಂಕಿಗೆ ಇದು ಕಾಣಿಕೆ ಹಣ, ಇದು ಮನೆ ಹಣ ಅಂತ ಗೊತ್ತಾಗುವುದಿಲ್ಲ. ಕಡಿತ ಆಗೇ ಆಗುತ್ತದೆ. ಇನ್ನೊಂದು, ಎಲ್ಲೋ ಮೋಸದಿಂದ ಕದ್ದ ಹಣ ಕೈ ಬದಲಾಗಿ ಆ ಖಾತೆಗೆ ಬಂದರೆ ಪೊಲೀಸರ ಸೂಚನೆಯಂತೆ ಬ್ಯಾಂಕು ಖಾತೆಯನ್ನೇ ತಡೆಹಿಡಿಯಬಹುದು. ಆಗ ಮನೆಯ ಖರ್ಚಿಗೂ ಹಣ ಇಲ್ಲ, ಹಬ್ಬದ ಅಂಗಡಿ ಸಾಲ ತೀರಿಸಲೂ ಹಣ ಇಲ್ಲ. ಮಾತು ಕೇಳಬೇಕಾದವಳು ಮಾತ್ರ ಆ ಒಬ್ಬಳೇ ಹೆಣ್ಣುಮಗಳು.

ಅದಕ್ಕೇ ಚರ್ಚಿನ ಹಣಕ್ಕೆ ಚರ್ಚಿನ ಖಾತೆ, ಸಂಘದ ಹಣಕ್ಕೆ ಸಂಘದ ಖಾತೆ. ಖಾತೆ ಇರುವ ಬ್ಯಾಂಕಿನಲ್ಲೇ ಆ ಹೆಸರಿನ ಕ್ಯೂಆರ್ ಚೀಟಿ ಕೊಡುತ್ತೀರಾ ಎಂದು ಕೇಳಿ. ಹಣ ಅದಕ್ಕೆ ಬರಲಿ, ತೆಗೆಯುವುದು ಮಾತ್ರ ಹಿಂದಿನಂತೆ ಇಬ್ಬರ ಸಹಿಯ ಚೆಕ್ಕಿನಿಂದಲೇ ಇರಲಿ. ಚೀಟಿ ಅಂಟಿಸಿದ ಮೇಲೆ ಒಂದು ರೂಪಾಯಿ ಕಳಿಸಿ ಪರದೆಯ ಮೇಲೆ ಯಾರ ಹೆಸರು ಬರುತ್ತದೆ ನೋಡಿ. ಹಬ್ಬದ ದಿನಗಳಲ್ಲಿ ಬೆಳಿಗ್ಗೆ ಇನ್ನೊಮ್ಮೆ ನೋಡಿ; ನಮ್ಮ ಚೀಟಿಯ ಮೇಲೆ ತಮ್ಮ ಚೀಟಿ ಅಂಟಿಸಿ ಹೋಗುವ ಕಳ್ಳರೂ ಇದ್ದಾರೆ.

ಒಂದು ಸಲ ಊಟದ ಚೀಟಿ ಮಾರುವಾಗ ನಾನೇ ಏಮಾರಿದೆ. ಫೋನಿನಲ್ಲಿ ಹಸಿರು ಟಿಕ್ಕು ತೋರಿಸಿದರು, ಚೀಟಿ ಹರಿದು ಕೊಟ್ಟೆ. ಸಂಜೆ ಲೆಕ್ಕದಲ್ಲಿ 300 ರೂಪಾಯಿ ಕಮ್ಮಿ. ಅದು ಹಳೆಯ ಫೋಟೊವೋ ಏನೋ, ಯಾರನ್ನು ಕೇಳುವುದು? ಅವರ ಫೋನಿನ ಟಿಕ್ಕಲ್ಲ, ನಮ್ಮ ಖಾತೆಗೆ ಬಂದ ಮೆಸೇಜೇ ರಸೀದಿ. ಮತ್ತೆ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. "ಕಾಣಿಕೆ ಕಳಿಸ್ತಿದ್ದೇವೆ, ಪಿನ್ ಹಾಕಿ" ಅಂದರೆ ಅದು ಕೊಡುವ ಮಾತಲ್ಲ, ಕೀಳುವ ಮಾತು. ಬಟನ್ ಫೋನ್ ಇರುವವರಿಗೆ 2022ರಲ್ಲಿ ಯುಪಿಐ 123ಪೇ ಎಂಬ ವ್ಯವಸ್ಥೆ ಬಂದಿದೆ. ಅದಕ್ಕೆ ಇಂಟರ್‌ನೆಟ್ ಬೇಡ. ತೋಟದ ಲೈನ್ ಮನೆಗಳಲ್ಲಿರುವ ಸದಸ್ಯೆಯರಿಗೆ ತಿಳಿಸಿ.

ಇನ್ನು ವಾಟ್ಸಾಪು. ಪೂಜೆಯ ಸಮಯ, ಜಪಮಾಲೆ ಯಾರ ಮನೆಯಲ್ಲಿ, ಸಂಘದ ಸಭೆ ಯಾವತ್ತು ಎಂದು ತಿಳಿಸಲು ಇದಕ್ಕಿಂತ ಸುಲಭ ಇಲ್ಲ. ಆದರೆ ಗುಡ್ ಮಾರ್ನಿಂಗ್ ಹೂವುಗಳ ನಡುವೆ ಸಭೆಯ ತಾರೀಕು ಕಳೆದುಹೋಗುತ್ತದೆ. ಗುಂಪಿನ ಸೆಟ್ಟಿಂಗಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿ, ಹರಟೆಗೆ ಬೇಕಾದರೆ ಬೇರೆ ಗುಂಪು ಇಟ್ಟುಕೊಳ್ಳಿ. ಒಬ್ಬಳ ಕಾಯಿಲೆ, ಒಬ್ಬಳ ಮನೆ ಜಗಳ, ಸಾಲದ ಬಾಕಿ ಇವನ್ನು ಪ್ರಾರ್ಥನೆಯ ನೆಪದಲ್ಲೂ ಗುಂಪಿನಲ್ಲಿ ಹಾಕಬೇಡಿ. ಒಮ್ಮೆ ಹೋದ ಮೆಸೇಜು ಎಷ್ಟು ಊರು ಸುತ್ತುತ್ತದೋ ಯಾರಿಗೂ ಗೊತ್ತಿಲ್ಲ. ಮಕ್ಕಳ ಫೋಟೊ ಹಾಕುವ ಮುಂಚೆ ತಾಯಿಯನ್ನು ಒಂದು ಮಾತು ಕೇಳಿ.

ಗುರುಗಳ ಹೆಸರಿನಲ್ಲಿ, ಬಿಷಪರ ಹೆಸರಿನಲ್ಲಿ, ಅವರದೇ ಫೋಟೊ ಹಾಕಿಕೊಂಡು "ತುರ್ತು ಇದೆ, ಸ್ವಲ್ಪ ಹಣ ಕಳಿಸಿ, ಯಾರಿಗೂ ಹೇಳಬೇಡಿ" ಎಂದು ಹೊಸ ನಂಬರಿನಿಂದ ಮೆಸೇಜು ಬರುವ ಮೋಸ ಹಲವು ದೇಶಗಳಲ್ಲಿ ನಡೆದಿದೆ. ಫಾದರ್ ಕೇಳಿದರೆ ಇಲ್ಲ ಅನ್ನುವುದು ಹೇಗೆ ಎಂಬ ನಮ್ಮ ಸಂಕೋಚವೇ ಅವರ ಬಂಡವಾಳ. ಹಳೆಯ ನಂಬರಿಗೆ ಫೋನು ಮಾಡಿ, ಆಗದಿದ್ದರೆ ನಡೆದುಹೋಗಿ ಕೇಳಿ. ಈಗ ಕಂಪ್ಯೂಟರಿನಿಂದ ಧ್ವನಿಯನ್ನೂ ನಕಲು ಮಾಡುತ್ತಾರೆ, ಆದ್ದರಿಂದ ಅವರ ಕಡೆಯಿಂದ ಬಂದ ಕರೆಯನ್ನು ನಂಬುವುದಕ್ಕಿಂತ ನಾವೇ ಮಾಡುವುದು ಮೇಲು. ಮದುವೆ ಕರೆಯೋಲೆ ಎಂದು ಎಪಿಕೆ ಎಂಬ ಅಕ್ಷರಗಳಿರುವ ಫೈಲ್ ಬಂದರೆ ಮುಟ್ಟಲೇಬೇಡಿ. ಅದು ಕರೆಯೋಲೆಯಲ್ಲ, ಫೋನಿನೊಳಗೆ ನುಗ್ಗುವ ಆ್ಯಪು. ವಾಟ್ಸಾಪಿನ ಸೆಟ್ಟಿಂಗ್ಸ್, ಅಕೌಂಟ್ ಒಳಗೆ ಟೂ-ಸ್ಟೆಪ್ ವೆರಿಫಿಕೇಷನ್ ಎಂದಿದೆ, ಮಕ್ಕಳ ಕೈಯಲ್ಲಾದರೂ ಅದನ್ನು ಇವತ್ತೇ ಹಾಕಿಸಿಕೊಳ್ಳಿ. ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಬರೆಯುವ ಕೆಲಸ ಈಗ ಹಗುರ. ಜಿಬೋರ್ಡ್ ಎಂಬ ಕೀಲಿಮಣೆಯಲ್ಲಿ ಕನ್ನಡ ಆರಿಸಿ ಮೈಕಿನ ಗುರುತು ಒತ್ತಿ ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ. ಸಭೆಯ ನಡಾವಳಿಗೆ ಸಾಕು, ಆದರೆ ಹೆಸರು ಮತ್ತು ಅಂಕಿ ತಪ್ಪು ಬೀಳುತ್ತವೆ, ಓದಿ ತಿದ್ದಬೇಕು. ವಂತಿಗೆ ಪಟ್ಟಿಗೆ ಗೂಗಲ್ ಶೀಟ್ಸ್ ಅನುಕೂಲ, ಕೂಡುವ ಲೆಕ್ಕ ಅದೇ ಮಾಡುತ್ತದೆ. ಇದನ್ನೆಲ್ಲ ಯಾವುದೋ ಹುಡುಗನ ಸ್ವಂತ ಜಿಮೇಲಿನಲ್ಲಿ ಮಾಡಿಸಬೇಡಿ. ಅವನು ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ಪಾಸ್‌ವರ್ಡೂ ಬಸ್ಸು ಹತ್ತಿ ಹೋಗಿರುತ್ತದೆ. ಚರ್ಚಿನ ಹೆಸರಿನಲ್ಲೇ ಒಂದು ಜಿಮೇಲ್ ಇರಲಿ, ಪಾಸ್‌ವರ್ಡು ಕಪಾಟಿನಲ್ಲಿ ಬರೆದಿಟ್ಟಿರಲಿ. ಎರಡು ವರ್ಷ ತೆರೆಯದ ಖಾತೆಯನ್ನು ಗೂಗಲ್ ಅಳಿಸಿಬಿಡಬಹುದು, ಅದೂ ನೆನಪಿರಲಿ.

ಜ್ಞಾನಸ್ನಾನದ ಸರ್ಟಿಫಿಕೇಟು ಕೇಳಿ ಬರುವ ತಾಯಂದಿರಿಗೆ ಒಂದು ಮಾತು ಹೇಳಿ. 2023ರ ಅಕ್ಟೋಬರ್ 1ರಿಂದ ಆಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್ ಮುಂತಾದ ಕಡೆ ಸರ್ಕಾರದ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಕ್ಕೆ ಆಧಾರ. ಚರ್ಚಿನ ಪತ್ರ ಚರ್ಚಿನ ಕೆಲಸಕ್ಕೆ. ಕರ್ನಾಟಕದಲ್ಲಿ ಜನನ ನೋಂದಣಿಯ ಆನ್‌ಲೈನ್ ವ್ಯವಸ್ಥೆಗೆ ಇ-ಜನ್ಮ ಎಂದು ಹೆಸರು. ಸಿಕ್ಕಿದ ಪತ್ರ, ಆಧಾರ್ ಎಲ್ಲ ಡಿಜಿಲಾಕರಿನಲ್ಲಿ ಇಟ್ಟುಕೊಳ್ಳಬಹುದು.

ಕೊನೆಯದಾಗಿ, ನಮ್ಮ ಕಡೆಯವರಿಗೇ ಬೇಕಾದದ್ದು. ಏಪ್ರಿಲ್, ಮೇ ತಿಂಗಳ ಸಿಡಿಲು ನಿಮಗೆ ಗೊತ್ತೇ ಇದೆ. ದಾಮಿನಿ ಎಂಬ ಉಚಿತ ಆ್ಯಪು ಹತ್ತಿರದಲ್ಲಿ ಸಿಡಿಲು ಬಡಿಯುತ್ತಿದ್ದರೆ ಎಚ್ಚರಿಸುತ್ತದೆ. ಆನೆ ಯಾವ ತೋಟದಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಬರುವ ಸಂದೇಶ ನಿಮ್ಮ ಫೋನಿಗೆ ಬರುತ್ತಿಲ್ಲವಾದರೆ ಅರಣ್ಯ ಸಿಬ್ಬಂದಿಗೆ ನಂಬರು ಕೊಟ್ಟು ಸೇರಿಸಿಕೊಳ್ಳಿ. ಸಂಜೆ ಜಪಮಾಲೆಗೋ ಸಭೆಗೋ ಹೊರಡುವ ಮುಂಚೆ ಗುಂಪಿನ ಅಡ್ಮಿನ್ ಅದನ್ನೊಮ್ಮೆ ನೋಡಿ, ಆನೆ ದಾರಿಯಲ್ಲಿದ್ದರೆ ಆವತ್ತಿನ ಸಭೆ ಮುಂದೂಡಿ ತಿಳಿಸಲಿ. ಫೋನೇ ಇಲ್ಲದ ಅಜ್ಜಿಯರ ಮನೆಗೆ ಪಕ್ಕದ ಮನೆಯವರು ಕೂಗಿ ಹೇಳಲಿ.