ಅನ್ನದ ರಾಯಭಾರಿ

ರಾಯಭಾರವೆಂದೊಡನೆ ನಮಗೆ ನೆನಪಾಗುವುದು ಕೃಷ್ಣಸಂಧಾನ. ಪಾಂಡವರಿಗೆ ಐದು ಊರುಗಳನ್ನಾದರೂ ಕೊಡಿಸಬೇಕೆಂದು ಹಸ್ತಿನಾವತಿಗೆ ಹೋದ ಶ್ರೀಕೃಷ್ಣನ ಕಥೆಯನ್ನು ಹರಿಕಥೆಯಲ್ಲಿಯೋ ಬಯಲಾಟದಲ್ಲಿಯೋ ಕೇಳದವರು ನಮ್ಮ ಸೀಮೆಯಲ್ಲಿ ವಿರಳ. ಆದಕಾರಣ ಯುದ್ಧ ಮತ್ತು ಸಂಧಿ, ಇವೆರಡೇ ರಾಯಭಾರಿಯ ಕಾರ್ಯಕ್ಷೇತ್ರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ರಾಗಿಯ ಪರವಾಗಿ ವಾದಿಸಲು, ಮೆಕ್ಕೆಜೋಳದ ಹುಳುವಿನ ವಿಷಯವಾಗಿ ಚರ್ಚಿಸಲು ಒಂದು ದೇಶವು ಬೇರೊಂದು ಖಂಡದಲ್ಲಿ ತನ್ನ ಪ್ರತಿನಿಧಿಯನ್ನು ಇರಿಸುತ್ತದೆಂದರೆ ಅನೇಕರಿಗೆ ಆಶ್ಚರ್ಯವಾಗಬಹುದು.

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿಗೆ ಸೇರಿದ ಉಬ್ರಾಣಿ ಹೋಬಳಿಯನ್ನೇ ತೆಗೆದುಕೊಳ್ಳೋಣ. ನೀರಿನ ಆಸರೆಯಿದ್ದಲ್ಲಿ ಅಡಿಕೆಯ ತೋಟ. ಮಳೆಯನ್ನೇ ನಂಬಿದ ಬೆದ್ದಲು ಹೊಲಗಳಲ್ಲಿ ಮೆಕ್ಕೆಜೋಳ, ರಾಗಿ. ಅಂಥ ಹೊಲದ ಬದುವಿನ ಮೇಲೆ ನಿಂತ ರೈತನು, “ರೋಮಿನಲ್ಲಿ ಕುಳಿತ ಆ ದೊಡ್ಡ ಮನುಷ್ಯರಿಂದ ನನ್ನ ಹೊಲಕ್ಕೇನು ಬಂತು?” ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಅದಕ್ಕೆ ಉತ್ತರವನ್ನು ಈ ಎರಡು ಧಾನ್ಯಗಳ ಕಥೆಯಲ್ಲಿಯೇ ಹುಡುಕೋಣ.

ರೋಮಿನ ಮೂರು ಸಂಸ್ಥೆಗಳು

ಎರಡನೆಯ ಮಹಾಯುದ್ಧ ಮುಗಿದ ವರ್ಷವೇ, 1945ರ ಅಕ್ಟೋಬರ್ 16ರಂದು, ಕೆನಡಾ ದೇಶದ ಕ್ವೆಬೆಕ್ ನಗರದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಜನ್ಮ ತಾಳಿತು. ಭಾರತವು ಆಗಿನ್ನೂ ಸ್ವತಂತ್ರವಾಗಿರದಿದ್ದರೂ ಅದರ ಸ್ಥಾಪಕ ಸದಸ್ಯರಲ್ಲಿ ಒಂದಾಗಿತ್ತು. 1951ರಲ್ಲಿ ಈ ಸಂಸ್ಥೆಯ ಕೇಂದ್ರ ಕಚೇರಿಯು ವಾಷಿಂಗ್ಟನ್ನಿನಿಂದ ರೋಮಿಗೆ ಬಂದಿತು. ತರುವಾಯ ಅದೇ ನಗರದಲ್ಲಿ 1961ರಲ್ಲಿ ವಿಶ್ವ ಆಹಾರ ಕಾರ್ಯಕ್ರಮವೂ, 1977ರಲ್ಲಿ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯೂ ಸ್ಥಾಪಿತವಾದವು. ಮೊದಲನೆಯದು ಕೃಷಿಯ ತಿಳಿವಳಿಕೆಯನ್ನು ಸಂಗ್ರಹಿಸಿ ಹಂಚುತ್ತದೆ, ಒಪ್ಪಂದಗಳಿಗೆ ವೇದಿಕೆಯಾಗುತ್ತದೆ; ಎರಡನೆಯದು ಕ್ಷಾಮ ಯುದ್ಧಗಳ ನಾಡಿಗೆ ಆಹಾರವನ್ನು ಸಾಗಿಸುತ್ತದೆ; ಮೂರನೆಯದು ಬಡ ರೈತರ ಏಳಿಗೆಗಾಗಿ ದೇಶಗಳಿಗೆ ಸಾಲ ಮತ್ತು ನೆರವು ನೀಡುತ್ತದೆ.

ಇಟಲಿಯಲ್ಲಿರುವ ಭಾರತದ ರಾಯಭಾರಿಯೇ ಈ ಮೂರೂ ಸಂಸ್ಥೆಗಳಿಗೆ ನಮ್ಮ ಖಾಯಂ ಪ್ರತಿನಿಧಿ. ಕೃಷಿಯ ವಿಷಯಗಳನ್ನು ನೋಡಿಕೊಳ್ಳಲು ರಾಯಭಾರ ಕಚೇರಿಯಲ್ಲಿ ಒಬ್ಬ ಹಿರಿಯ ಅಧಿಕಾರಿಯಿದ್ದು, ಅವರು ಬದಲಿ ಪ್ರತಿನಿಧಿಯಾಗಿ ಸಭೆಗಳಲ್ಲಿ ಕುಳಿತುಕೊಳ್ಳುತ್ತಾರೆ. ಈ ಕ್ಷೇತ್ರದಲ್ಲಿ ಭಾರತೀಯರಿಗೆ ಹಳೆಯ ಹೆಸರಿದೆ. ಬಂಗಾಳದ ಕ್ಷಾಮವನ್ನು ಸರ್ಕಾರಿ ಅಧಿಕಾರಿಯಾಗಿ ಹತ್ತಿರದಿಂದ ಕಂಡು, ಮುಂದೆ ಇಟಲಿಯಲ್ಲಿಯೂ ಅಮೆರಿಕದಲ್ಲಿಯೂ ನಮ್ಮ ರಾಯಭಾರಿಯಾಗಿದ್ದ ಬಿನಯ್ ರಂಜನ್ ಸೇನ್ ಅವರು 1956ರಿಂದ 1967ರವರೆಗೆ ಆಹಾರ ಮತ್ತು ಕೃಷಿ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ಹಸಿವಿನಿಂದ ಬಿಡುಗಡೆಯೆಂಬ ಜಗದ್ವ್ಯಾಪಿ ಆಂದೋಲನವನ್ನು 1960ರಲ್ಲಿ ಆರಂಭಿಸಿದವರು ಅವರೇ.

ಮಾತಿನ ಸಮತೋಲ

ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ 194 ದೇಶಗಳೂ ಐರೋಪ್ಯ ಒಕ್ಕೂಟವೂ ಸದಸ್ಯರಾಗಿವೆ. ದೇಶ ದೊಡ್ಡದಿರಲಿ ಚಿಕ್ಕದಿರಲಿ, ಒಂದು ದೇಶಕ್ಕೆ ಒಂದೇ ಮತ. ಆದರೆ ಮತಕ್ಕೆ ಹಾಕುವ ಸಂದರ್ಭಗಳು ಕಡಮೆ. ಬಹುಮಟ್ಟಿಗೆ ಎಲ್ಲರ ಒಮ್ಮತದಿಂದಲೇ ತೀರ್ಮಾನವಾಗುತ್ತದೆ. ಕರಡಿನಲ್ಲಿ ಯಾವ ಮಾತಿಗೆ ಒಂದು ದೇಶದ ಆಕ್ಷೇಪಣೆಯುಂಟೋ ಆ ಮಾತನ್ನು ಚೌಕ ಕಂಸದೊಳಗೆ ಇರಿಸುತ್ತಾರೆ. ಚರ್ಚೆ ನಡೆದು, ಪದವನ್ನು ತಿದ್ದಿ, ಎಲ್ಲರೂ ಒಪ್ಪಿದ ಮೇಲೆ ಕಂಸವನ್ನು ತೆಗೆಯುತ್ತಾರೆ. ಕೆಲವೊಮ್ಮೆ ಒಂದೇ ಪದದ ಮೇಲೆ ರಾತ್ರಿಯವರೆಗೂ ಚರ್ಚೆ ನಡೆಯುವುದುಂಟು.

ಭೌತವಿಜ್ಞಾನದ ತರಗತಿಯಲ್ಲಿ ನಾವು ಬಲಗಳ ಸಮತೋಲವನ್ನು ಹೇಳಿಕೊಡುತ್ತೇವೆ. ಅನೇಕ ಬಲಗಳು ಬೇರೆ ಬೇರೆ ದಿಕ್ಕುಗಳಿಗೆ ಎಳೆಯುತ್ತಿದ್ದರೂ ಅವುಗಳ ಒಟ್ಟು ಫಲ ಸೊನ್ನೆಯಾದಾಗ ವಸ್ತುವು ನಿಶ್ಚಲವಾಗಿ ನಿಲ್ಲಬಲ್ಲದು. ಧಾನ್ಯ ಮಾರುವ ದೇಶ ಒಂದು ಕಡೆಗೆ, ಕೊಳ್ಳುವ ದೇಶ ಇನ್ನೊಂದು ಕಡೆಗೆ, ನೆರವು ಕೊಡುವ ದೇಶ ಮತ್ತೊಂದು ಕಡೆಗೆ ಎಳೆಯುವ ಸಭೆಯಲ್ಲಿ, ಎಲ್ಲರೂ ತಾಳಬಲ್ಲ ವಾಕ್ಯವೊಂದನ್ನು ನಿಲ್ಲಿಸುವುದೂ ಇಂಥದೇ ಕೆಲಸ. ಅಲ್ಲಿ ಪ್ರತಿನಿಧಿಗೆ ಬಲ ಬರುವುದು ಏರುದನಿಯಿಂದಲ್ಲ. ಜೊತೆಗೂಡಿದ ದೇಶಗಳಿಂದ, ಮತ್ತು ಕೈಯಲ್ಲಿರುವ ನಂಬಲರ್ಹವಾದ ಸಂಗತಿಗಳಿಂದ.

ರಾಗಿಯ ಸಂಧಾನ

ರಾಗಿಯ ಸಾವಿರ ಕಾಳುಗಳನ್ನು ತೂಗಿದರೆ ಮೂರು ಗ್ರಾಮಿನ ಆಸುಪಾಸು. ಇಷ್ಟು ಸಣ್ಣ ಕಾಳಿನಲ್ಲಿ ಅಡಗಿರುವ ಸತ್ತ್ವ ಸಣ್ಣದಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಅಷ್ಟೇ ಅಕ್ಕಿಯಲ್ಲಿರುವುದು ಹತ್ತು ಮಿಲಿಗ್ರಾಮಿನಷ್ಟು. ನಮ್ಮ ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕದಲ್ಲಿ. ಹೀಗಿದ್ದರೂ ಸರ್ಕಾರದ ಕಾಗದಪತ್ರಗಳಲ್ಲಿ ರಾಗಿ, ಜೋಳ, ಸಜ್ಜೆಗಳು ಬಹುಕಾಲ ‘ಒರಟು ಧಾನ್ಯ’ಗಳೆನಿಸಿದ್ದವು. ಕನ್ನಡದಲ್ಲಿಯೂ ಸಣ್ಣ ಕಾಳಿನ ಧಾನ್ಯಗಳಿಗೆ ‘ತೃಣಧಾನ್ಯ’ವೆಂಬ ಹೆಸರಿತ್ತು, ‘ಸಿರಿಧಾನ್ಯ’ವೆಂಬ ಮಾತು ಬಳಕೆಗೆ ಬಂದದ್ದು ಈಚೆಗೆ. 2018ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವು ಇವುಗಳನ್ನು ‘ಪೌಷ್ಟಿಕ ಧಾನ್ಯ’ಗಳೆಂದು ಕರೆದು ಅಧಿಸೂಚನೆ ಹೊರಡಿಸಿತು.

ಅದೇ ವರ್ಷ ಭಾರತವು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೊಂದನ್ನು ಆಚರಿಸಬೇಕೆಂಬ ಸಲಹೆಯನ್ನು ರೋಮಿನಲ್ಲಿ ಮಂಡಿಸಿತು. ಆ ಕಾಗದ ನಡೆದ ದಾರಿಯನ್ನು ಗಮನಿಸಿದರೆ ಪ್ರತಿನಿಧಿಯ ಕೆಲಸದ ಸ್ವರೂಪ ತಿಳಿಯುತ್ತದೆ. 2018ರ ಅಕ್ಟೋಬರಿನಲ್ಲಿ ಕೃಷಿ ಸಮಿತಿ, ಡಿಸೆಂಬರಿನಲ್ಲಿ ಆಡಳಿತ ಪರಿಷತ್ತು, 2019ರ ಜೂನಿನಲ್ಲಿ ಮಹಾಸಮ್ಮೇಳನ. ಅಲ್ಲಿಂದ ನ್ಯೂಯಾರ್ಕಿಗೆ ಹೋಗಿ 2021ರ ಮಾರ್ಚ್ 3ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಅಂಗೀಕಾರ. ಬಾಂಗ್ಲಾದೇಶ, ಕೀನ್ಯಾ, ನೇಪಾಳ, ನೈಜೀರಿಯ, ರಷ್ಯ ಮತ್ತು ಸೆನೆಗಲ್ ದೇಶಗಳು ಭಾರತದೊಡನೆ ನಿರ್ಣಯವನ್ನು ಮಂಡಿಸಿದವು. ಎಪ್ಪತ್ತಕ್ಕೂ ಹೆಚ್ಚು ದೇಶಗಳು ಬೆಂಬಲಿಸಿದವು. 2023ನೆಯ ವರ್ಷ ಸಿರಿಧಾನ್ಯಗಳ ವರ್ಷವಾಯಿತು.

ಜೊತೆಗಾರರಲ್ಲಿ ಆಫ್ರಿಕದ ದೇಶಗಳಿದ್ದುದು ಅರ್ಥವತ್ತಾಗಿದೆ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮಲ್ಲಿಗೆ ಬಂದಿತು. ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಪ್ರಸಿದ್ಧರಾದ ವಿಜ್ಞಾನಿಯು ಮಂಡ್ಯದ ವಿ. ಸಿ. ಫಾರಂನಲ್ಲಿ ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ಪಡೆದರು. ಹೆಸರಿನ ಪೂರ್ವಾರ್ಧ ಇಂಡಿಯ, ಉತ್ತರಾರ್ಧ ಆಫ್ರಿಕ. ಇಂಥ ಬೀಜ ವಿನಿಮಯಕ್ಕೆ ಇಂದು ನಿಯಮ ಬೇಕು. 2001ರಲ್ಲಿ ರೋಮಿನಲ್ಲಿ ಅಂಗೀಕೃತವಾಗಿ 2004ರಲ್ಲಿ ಜಾರಿಗೆ ಬಂದ ಸಸ್ಯ ತಳಿಸಂಪತ್ತಿನ ಒಪ್ಪಂದವು ಆ ನಿಯಮವನ್ನು ಹಾಕಿಕೊಟ್ಟಿದೆ. ರಾಗಿಯೂ ಅದರ ಪಟ್ಟಿಯಲ್ಲಿದೆ. ಬೀಜವನ್ನು ಕಾಪಾಡಿಕೊಂಡು ಬಂದ ರೈತನ ಹಕ್ಕನ್ನೂ ಅದು ಮನ್ನಿಸಿದೆ.

ಮೆಕ್ಕೆಜೋಳದ ವಾರ್ತೆ

ರಾಗಿಯ ವಿಷಯದಲ್ಲಿ ನಾವು ಹೆಮ್ಮೆಯಿಂದ ಕೇಳಿದೆವು. ಮೆಕ್ಕೆಜೋಳದ ವಿಷಯದಲ್ಲಿ ಕಹಿಯಾದ ವಾರ್ತೆಯನ್ನು ತಿಳಿಸಬೇಕಾಯಿತು. ಮೆಕ್ಕೆಜೋಳ ಅಮೆರಿಕ ಖಂಡದಿಂದ ಬಂದ ಬೆಳೆ. ಅದರ ವೈರಿಯಾದ ಒಂದು ಸೈನಿಕ ಹುಳುವೂ ಅಲ್ಲಿಯದೇ. 2016ರಲ್ಲಿ ಅದು ಪಶ್ಚಿಮ ಆಫ್ರಿಕದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಿನಲ್ಲಿ ಭಾರತದಲ್ಲಿಯೇ ಮೊದಲ ಬಾರಿಗೆ ನಮ್ಮ ನೆರೆಯ ಶಿವಮೊಗ್ಗದ ಹೊಲಗಳಲ್ಲಿ ಅದು ಪತ್ತೆಯಾಯಿತು. ಗುರುತಿಸಿದವರು ಅಲ್ಲಿಯ ಕೃಷಿ ಕಾಲೇಜಿನ ವಿಜ್ಞಾನಿಗಳು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ‘ವೈ’ ಅಕ್ಷರದಂತಹ ಗುರುತು, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ: ಇದು ಅದರ ಲಕ್ಷಣ. ಸುಳಿಯೊಳಗೆ ಅಡಗಿ ಎಲೆಗಳನ್ನು ತಿಂದು ತೂತು ಮಾಡುತ್ತದೆ. ಇದರ ಪತಂಗವು ಗಾಳಿಯ ನೆರವಿನಿಂದ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರಿನಷ್ಟು ದೂರ ಹಾರಬಲ್ಲದು. ಇಂಥ ಕೀಟಕ್ಕೆ ತಾಲ್ಲೂಕಿನ ಗಡಿಯೂ ಇಲ್ಲ, ದೇಶದ ಗಡಿಯೂ ಇಲ್ಲ.

ಹೊಸ ಕೀಟ ಬಂದುದನ್ನು ಮುಚ್ಚಿಟ್ಟರೆ ವ್ಯಾಪಾರಕ್ಕೆ ಆ ಕ್ಷಣ ಅನುಕೂಲವಾಗಬಹುದು. ಆದರೆ ಆಹಾರ ಮತ್ತು ಕೃಷಿ ಸಂಸ್ಥೆಯ ಆಶ್ರಯದಲ್ಲಿ 1951ರಲ್ಲಿ ಆದ ಸಸ್ಯಸಂರಕ್ಷಣೆಯ ಅಂತರರಾಷ್ಟ್ರೀಯ ಒಡಂಬಡಿಕೆಯಂತೆ, ನೆರೆಹೊರೆಯವರಿಗೆ ಅಪಾಯವಾಗಬಲ್ಲ ಕೀಟದ ಸುದ್ದಿಯನ್ನು ತಿಳಿಸುವುದು ಸದಸ್ಯ ದೇಶದ ಕರ್ತವ್ಯ. ಆ ವರದಿಯನ್ನು ಕಳುಹಿಸುವುದು ದೇಶದ ಸಸ್ಯಸಂರಕ್ಷಣಾ ಇಲಾಖೆ. ಅದರ ಆಧಾರದ ಮೇಲೆ ಜಗತ್ತಿನ ಕಾರ್ಯಕ್ರಮದಲ್ಲಿ ನಮಗೂ ಪಾಲು ದೊರಕುವಂತೆ ನೋಡಿಕೊಳ್ಳುವುದು ಪ್ರತಿನಿಧಿಯ ಕೆಲಸ. ಆಫ್ರಿಕದ ರೈತರ ಅನುಭವವು ಅಷ್ಟರಲ್ಲಾಗಲೇ ಕೈಪಿಡಿಯಾಗಿ ಪ್ರಕಟವಾಗಿತ್ತು. 2019ರ ಡಿಸೆಂಬರಿನಲ್ಲಿ ಈ ಹುಳುವಿನ ವಿರುದ್ಧ ಮೂರು ವರ್ಷಗಳ ಜಾಗತಿಕ ಕಾರ್ಯಯೋಜನೆಯು ಆರಂಭವಾದಾಗ, ನಿಯಂತ್ರಣ ಕ್ರಮಗಳ ಪ್ರಾತ್ಯಕ್ಷಿಕೆಗೆ ಆರಿಸಲಾದ ಎಂಟು ದೇಶಗಳಲ್ಲಿ ಭಾರತವೂ ಒಂದಾಗಿತ್ತು.

ಸಂಧಾನದ ಮಿತಿ

ಹಾಗಾದರೆ ಉಬ್ರಾಣಿಯ ರೈತನ ಪ್ರಶ್ನೆಗೆ ಉತ್ತರ ದೊರಕಿತೆ? ಅರ್ಧ ಮಾತ್ರ ದೊರಕಿತೆನ್ನಬೇಕು. ರೋಮಿನಲ್ಲಿ ಅಂಗೀಕೃತವಾದ ನಿರ್ಣಯವು ರಾಗಿಯ ಮೂಟೆಗೆ ಬೆಲೆ ಕಟ್ಟುವುದಿಲ್ಲ. ಬೆಂಬಲ ಬೆಲೆ, ಖರೀದಿ ಕೇಂದ್ರ, ಪಡಿತರದಲ್ಲಿ ರಾಗಿ, ಇವು ನಮ್ಮ ಸರ್ಕಾರಗಳ ಕೈಯಲ್ಲಿರುವ ಕಾರ್ಯಗಳು. ಜಗತ್ತಿನ ವ್ಯಾಪಾರದ ಕಟ್ಟಳೆಗಳ ವಾದ ನಡೆಯುವುದು ರೋಮಿನಲ್ಲಲ್ಲ, ಜಿನೀವದಲ್ಲಿ. ಮೆಕ್ಕೆಜೋಳದಿಂದ ಕೈಗೆ ಹಣ ಬರುವವರೆಗೆ, ರಾಗಿಯ ಗುಣಗಾನವೊಂದನ್ನೇ ನಂಬಿ ರೈತನು ಬೆಳೆಯನ್ನು ಬದಲಿಸಲೆಂದು ನಿರೀಕ್ಷಿಸುವುದು ಸರಿಯಲ್ಲ. ಕೃಷ್ಣಸಂಧಾನ ಮುರಿದುಬಿದ್ದದ್ದು ಕೃಷ್ಣನಿಗೆ ಮಾತು ಬಾರದೆ ಅಲ್ಲ, ಕೊಡಬೇಕಾದವರಿಗೆ ಮನಸ್ಸಿಲ್ಲದುದರಿಂದ.

ಉತ್ತರದ ಉಳಿದರ್ಧವು ಹೊಲದಲ್ಲಿಯೇ ಇದೆ. ಪ್ರತಿನಿಧಿಯು ಸಭೆಯಲ್ಲಿ ಆಡುವ ಮಾತಿನ ಮೂಲವನ್ನು ಹುಡುಕುತ್ತ ಹೋದರೆ ಇಲಾಖೆಯ ವರದಿ, ಅದರ ಹಿಂದೆ ವಿಜ್ಞಾನಿಯ ಪರೀಕ್ಷೆ, ಅದರ ಹಿಂದೆ ಸುಳಿಯನ್ನು ಬಿಡಿಸಿ ನೋಡಿ “ಇದು ಹಿಂದೆ ಕಂಡ ಹುಳುವಲ್ಲ” ಎಂದ ರೈತನ ಕಣ್ಣು ಸಿಕ್ಕುತ್ತದೆ. ಈ ಸರಪಣಿಯ ಒಂದು ಕೊಂಡಿ ಕಳಚಿದರೂ ರೋಮಿನ ಮಾತು ಪೊಳ್ಳಾಗುತ್ತದೆ. ಆದುದರಿಂದ ಹೊಲದಲ್ಲಿ ಅಪರಿಚಿತವಾದ ಹುಳುವೋ ರೋಗವೋ ಕಂಡರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಂದೇ ಸುದ್ದಿ ಮುಟ್ಟಿಸುವುದು ಸಣ್ಣ ಕೆಲಸವೆಂದು ಯಾರೂ ಭಾವಿಸಬಾರದು. ಅನ್ನದ ರಾಯಭಾರ ಮೊದಲಾಗುವುದು ಅಲ್ಲಿಂದಲೇ.